ಖಾಲಿ ತೊಟ್ಟಿಲು ತೂಗಿದವರು

ನನ್ನ ಹೆಂಡತಿ ಮುದುಕವ್ವ ಹೋದ ಮೇಲೆ ನಮ್ಮ ಮನೆಯಿಂದ ಹೊರಗೆ ಹೋದ ಮೊದಲ ವಸ್ತು ಅವಳ ತೊಟ್ಟಿಲು. ನಾನು ಕೊಡಲಿಲ್ಲ. ನಾನು ಊರಲ್ಲಿ ಇಲ್ಲದಾಗ ಹೋಯಿತು. ಕೊಣ್ಣೂರಿನಲ್ಲಿ ನೆಂಟರೊಬ್ಬರು ತೀರಿಕೊಂಡಿದ್ದರು. ಮಣ್ಣಿಗೆಂದು ಹೋದವನು, ಹೊಳೆ ಬಂದು ಸೇತುವೆ ಮುಳುಗಿದ್ದರಿಂದ ಅಲ್ಲೇ ಸಿಕ್ಕಿಬಿದ್ದೆ. ನೀರು ಇಳಿದ ಮೇಲೆ ರೋಣಕ್ಕೆ ಬಂದು ಬಾಗಿಲು ತೆಗೆದರೆ ಪಡಸಾಲೆಯ ಮೂಲೆ ಬಯಲಾಗಿತ್ತು. ತೊಟ್ಟಿಲಿದ್ದ ಜಾಗದಲ್ಲಿ, ನೆಲದ ಮೇಲೆ, ಒರಳಿನ ಗುಂಡುಕಲ್ಲೊಂದು ಉರುಳಿ ಬಿದ್ದಿತ್ತು. ಅದಕ್ಕೆ ಸುತ್ತಿದ್ದ ಹಸಿರು ಖಣದ ಬಟ್ಟೆ ಅರ್ಧ ಬಿಚ್ಚಿಹೋಗಿತ್ತು.

ಒಯ್ದವನು ಕಳ್ಳನಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಕಳ್ಳ ತೊಟ್ಟಿಲು ಮುಟ್ಟುವುದಿಲ್ಲ; ಅವನಿಗೂ ಮಕ್ಕಳಿರುತ್ತವೆ. ಒಯ್ದವನು ಗುರುಪಾದ. ಮುದುಕವ್ವನ ಅಣ್ಣನ ಮಗ, ಬೆಳವಣಕಿಯವನು, ಓದಿದವನು.

ಮನೆಯ ಇನ್ನೊಂದು ಬೀಗದ ಕೈಯನ್ನು ನಾನು ಪಕ್ಕದ ಮನೆಯ ಮಕ್ತುಮಬಿಯ ಹತ್ತಿರ ಕೊಟ್ಟು ಹೋಗಿದ್ದೆ. ನಾನು ಬಂದ ಸದ್ದು ಕೇಳಿ ಅವಳು ಓಡಿ ಬಂದಳು.

"ಮಾಸ್ತರ್ರ, ನಂದ ತಪ್ಪಾತ್ರಿ. ತೌರಮನಿ ಹುಡುಗ. ‘ಅತ್ತಿ ತೊಟ್ಟಲಾ ಪಾಲಿಶ್ ಮಾಡಿಸಿ ತರ್ತೀನಿ’ ಅಂದ. ಇಲ್ಲ ಅನ್ನಾಕ ನನಗ ಬಾಯಿ ಬರ್ಲಿಲ್ಲ."

"ಕಲ್ಲು ಯಾಕ ನೆಲದ ಮ್ಯಾಲ ಐತಿ?"

"ನಾನೂ ಕೇಳಿದ್ನಿ. ‘ವಜ್ಜಾ ಆಗ್ತೈತಿ’ ಅಂತ ಉಳ್ಳಿಸಿ ಒಗದಾ." ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಆಸಿಫಾಗ ಇನ್ನೂ ಹೇಳಿಲ್ರಿ. ಹ್ಯಾಂಗ ಹೇಳ್ಲಿ?"

ಆಸಿಫಾ ಮಕ್ತುಮಬಿಯ ಮಗಳು. ನರಗುಂದಕ್ಕೆ ಕೊಟ್ಟಿದ್ದಾರೆ. ಹೆರಿಗೆಗೆಂದು ತಾಯಿಯ ಮನೆಗೆ ಬಂದಿದ್ದಳು. ತಿಂಗಳು ತುಂಬುತ್ತ ಬಂದಿತ್ತು. ಅವಳಿಗೆ ಹೇಳುವುದು ಯಾಕೆ ಕಷ್ಟ ಎಂಬುದನ್ನು ತಿಳಿಸಲು ಆ ತೊಟ್ಟಿಲಿನ ಕಥೆಯನ್ನು ಮೊದಲು ಹೇಳಬೇಕು.

ಮುದುಕವ್ವ ಚೊಚ್ಚಲ ಬಸುರಿಯಾದಾಗ ಕುಬಸದ ಕಾರ್ಯಕ್ಕೆ ಬೆಳವಣಕಿಯವರು ಆ ತೊಟ್ಟಿಲು ತಂದಿದ್ದರು. ಸಾಗವಾನಿಯದು. ಸುತ್ತಲೂ ಕೆಂಪು ಹಸಿರು ಅರಗಿನ ಬಣ್ಣ ಹಾಕಿ ಕಡೆದ ಗೂಟಗಳು. ಶಿವ ಕೊಟ್ಟಿದ್ದ, ಶಿವ ತೆಗೆದುಕೊಂಡ. ನಮ್ಮ ಕೂಸು ಅದರಲ್ಲಿ ಮಲಗಲೇ ಇಲ್ಲ. ಮುಂದೆ ಮಕ್ಕಳಾಗಲಿಲ್ಲ. ತೊಟ್ಟಿಲನ್ನು ತಿರುಗಿ ತೌರಿಗೆ ಕಳಿಸೆಂದು ಹಿರಿಯರು ಹೇಳಿದರು. ಮುದುಕವ್ವ ಕಳಿಸಲಿಲ್ಲ. ಗುಂಡುಕಲ್ಲನ್ನು ತೊಳೆದು, ಹಸಿರು ಖಣದಲ್ಲಿ ಸುತ್ತಿ, ಕೂಸಿನಂತೆ ಅದರಲ್ಲಿ ಮಲಗಿಸಿದಳು. ಖಾಲಿ ತೊಟ್ಟಿಲು ಇರಬಾರದು, ತೂಗಿದರೆ ಹುಟ್ಟುವ ಕೂಸಿಗೆ ಕೇಡು ಎಂದು ನಮ್ಮ ಕಡೆ ಹೆಣ್ಣುಮಕ್ಕಳು ಎಲ್ಲರೂ ಬಲ್ಲರು. ಹೆಸರಿಡುವ ದಿನವೂ ಕೂಸಿಗಿಂತ ಮೊದಲು ಕಲ್ಲನ್ನೇ ಮಲಗಿಸುತ್ತಾರೆ.

ಆಮೇಲೆ ಮಕ್ತುಮಬಿಯ ಅತ್ತೆ ಮದರಬಿ ಬಂದು, "ನನಗ ಒಂದ ನಾಕ ತಿಂಗಳಿಗೆ ಕೊಡವಾ" ಎಂದು ಕೇಳಿದಳು. ಬಂಜೆಯ ಮನೆಯ ತೊಟ್ಟಿಲು ಕೇಳಿದಳಲ್ಲ ಎಂದು ಓಣಿ ನಕ್ಕಿತು. ಮದರಬಿ ಓಣಿಗೆ ಕಿವಿ ಕೊಡುವ ಹೆಂಗಸಲ್ಲ. ಒಯ್ದಳು, ಕೂಸನ್ನು ಮಲಗಿಸಿದಳು, ಕೂಸು ಗುಂಡಗೆ ಬೆಳೆಯಿತು. ಅಂದಿನಿಂದ ತೊಟ್ಟಿಲು ನಿಲ್ಲಲಿಲ್ಲ. ಒಕ್ಕಲಿಗರ ಮನೆ, ಸಾಬರ ಮನೆ, ನೇಕಾರರ ಮನೆ, ಅಸೂಟಿಯ ಹೊಲದ ಮನೆ. ಹೋಗುವಾಗ ಕಲ್ಲಿನ ಜೊತೆ ಹೋಗುತ್ತಿತ್ತು. ಕೂಸನ್ನು ಮಲಗಿಸಿದ ದಿನ ಕಲ್ಲು ಮಾತ್ರ ಸಕ್ಕರೆಯೊಂದಿಗೆ ನಮ್ಮ ಮನೆಗೆ ತಿರುಗಿ ಬರುತ್ತಿತ್ತು. ಕಲ್ಲು ಬಂದರೆ ತಾಯಿ ಕೂಸು ಇಬ್ಬರೂ ಸುಖವಾಗಿದ್ದಾರೆ ಎಂದು ತಿಳಿಯಬೇಕು. ಕೂಸು ಹರಿದಾಡುವಂತಾದ ಮೇಲೆ ತೊಟ್ಟಿಲು ಬರುತ್ತಿತ್ತು; ಅದೂ ಬರಿದಾಗಿ ಬರುತ್ತಿರಲಿಲ್ಲ. ಜೋಳವೋ, ಬೆಲ್ಲವೋ, ಒಂದು ಕುಬಸವೋ ಇರುತ್ತಿತ್ತು. ಗೂಟ ಸಡಿಲಾದರೆ ಮದರಬಿಯ ಗಂಡ ಮಹಮ್ಮದಸಾಬ ಬಡಿದು ಕೂರಿಸಿ ಕೊಡುತ್ತಿದ್ದ.

ಕೇಳಲು ಬಂದವರು ಒಂದೇ ಮಾತು ಕೇಳುತ್ತಿದ್ದರು: "ಇದರಾಗ ಯಾರ್ಯಾರ ಮಲಗ್ಯಾರ?" ಮುದುಕವ್ವ ಹೆಸರು ಹೇಳುತ್ತ ಹೋಗುತ್ತಿದ್ದಳು. ಹೆಸರು, ಯಾರ ಮಗು, ಈಗ ಏನು ಮಾಡುತ್ತಿದೆ. ಒಂದೂ ಕೈಬಿಟ್ಟು ಹೋಗಿರಲಿಲ್ಲ. ಅದನ್ನು ಕೇಳಿದ ಬಸುರಿ ಹೆಂಗಸಿನ ಮುಖ ನೋಡಬೇಕಿತ್ತು.

ನಾನು ಅವಳನ್ನು ಹಾಸ್ಯ ಮಾಡುತ್ತಿದ್ದೆ. ಹುಟ್ಟಿಸುವವನೂ ಒಯ್ಯುವವನೂ ಶಿವ. ಅವನ ಕೆಲಸದಲ್ಲಿ ಹಲಗೆಗೂ ಹಗ್ಗಕ್ಕೂ ಪಾಲಿಲ್ಲ ಎಂದು ಹೇಳುತ್ತಿದ್ದೆ. ಅವಳು ಜೋಳ ಹಸನು ಮಾಡುತ್ತಲೇ ಉತ್ತರ ಕೊಡುತ್ತಿದ್ದಳು: "ಶಿವಗ ಎಲ್ಲಾ ಗೊತ್ತೈತ್ರಿ. ಹೆತ್ತಾಕಿಗೆ ಗೊತ್ತಿಲ್ಲ. ಆಕಿಗೆ ರಾತ್ರಿ ನಿದ್ದಿ ಬರಬೇಕಲ್ಲ?"

ಆಸಿಫಾ ಸಹ ಕೂಸಾಗಿದ್ದಾಗ ಅದರಲ್ಲೇ ಮಲಗಿದವಳು. ಮದುವೆಯಾದ ಮೇಲೆ ಅವಳ ಮೊದಲ ಕೂಸು ಹೊಟ್ಟೆಯಲ್ಲೇ ಹೋಯಿತು. ಎರಡನೆಯದು ಕೆಲವೇ ವಾರ ಇತ್ತು. ಆಗ ಮುದುಕವ್ವ ಹಾಸಿಗೆ ಹಿಡಿದಿದ್ದಳು. ಆಸಿಫಾ ನೋಡಲು ಬಂದಾಗ ಅವಳ ಕೈ ಹಿಡಿದು, "ಮುಂದಿನ ಸಲ ಏನೂ ಕೊಳ್ಳಬ್ಯಾಡ. ನನ್ನ ತೊಟ್ಟಲಾ ನಿನಗ" ಎಂದಳು. ನನ್ನ ಕಡೆ ತಿರುಗಿ, "ನಾ ಇರ್ಲಿ ಬಿಡ್ಲಿ, ಮರೀಬ್ಯಾಡ್ರಿ" ಎಂದಳು. ನಾನು ಆಗಲಿ ಎಂದೆ. ಸತ್ತವರಿಗೆ ಕೊಟ್ಟ ಮಾತಿನಿಂದ ಸತ್ತವರು ಬಂದು ನಮ್ಮನ್ನು ಬಿಡಿಸುವುದಿಲ್ಲ.

ಮರುದಿನ ಲಿಂಗಪೂಜೆ ಮುಗಿಸಿ ಬೆಳವಣಕಿಗೆ ಹೋದೆ. ಗುರುಪಾದ ತನ್ನ ಹಳೆಯ ದನದ ಕೊಟ್ಟಿಗೆಗೆ ಸುಣ್ಣ ಬಳಿಸಿ ಫಲಕ ಹಾಕಿದ್ದ. ದೊಡ್ಡ ಊರಿನ ಯಾವುದೋ ಕಂಪನಿಗೆ ಅವನು ನಮ್ಮ ತಾಲೂಕಿನ ಏಜೆಂಟ್ ಆಗಿದ್ದನಂತೆ. ದನಗಳನ್ನು ಮೊದಲೇ ಮಾರಿದ್ದ. ಅವುಗಳ ಜಾಗದಲ್ಲಿ ಬೂದಿ ಬಣ್ಣದ ತೊಟ್ಟಿಲುಗಳು ಸಾಲಾಗಿ ನಿಂತಿದ್ದವು.

"ಬರ್ರಿ ಮಾಮಾ, ಬರ್ರಿ. ಏ, ಚಾ ಇಡ ಲಗೂ!"

"ಚಾ ಇರ್ಲಿ. ತೊಟ್ಟಲಾ ಎಲ್ಲೈತಿ?"

"ಅದರದ ಪೂಜಾ ನಡದೈತಿ ಅಂತ ತಿಳೀರಿ" ಎಂದು ನಕ್ಕು ಒಳಗೆ ಕರೆದುಕೊಂಡು ಹೋದ.

ಪೂಜೆಯೇ ಸರಿ. ಮುದುಕವ್ವನ ತೊಟ್ಟಿಲು ಮೇಜಿನ ಮೇಲಿತ್ತು. ಒಂದೊಂದು ಗೂಟಕ್ಕೂ ಒಂದೊಂದು ಬಿಳಿ ಚೀಟಿ ಅಂಟಿಸಿದ್ದರು, ದವಾಖಾನೆಯಲ್ಲಿ ಹೆಣದ ಕಾಲಿಗೆ ಕಟ್ಟುತ್ತಾರಲ್ಲ ಹಾಗೆ. ಒಬ್ಬ ತರುಣಿ ಬಗ್ಗಿ ಬಗ್ಗಿ ಅದರ ಫೋಟೋ ತೆಗೆಯುತ್ತಿದ್ದಳು. ಹೆಸರು ಶಾಂಭವಿ, ಕಂಪನಿಯ ವಿನ್ಯಾಸಕಿ ಎಂದು ಗುರುಪಾದ ಪರಿಚಯ ಮಾಡಿಸಿದ. ನಮ್ಮ ಸಾಮಾನು ಸರಂಜಾಮುಗಳನ್ನು ಹೊಸದಾಗಿ ವಿನ್ಯಾಸ ಮಾಡಿ ಜಗತ್ತಿನಲ್ಲಿ ಕಸವೇ ಇಲ್ಲದಂತೆ ಮಾಡಲು ಹೊರಟವರು ಅವರು. ಮೊದಲ ಕೆಲಸ ತೊಟ್ಟಿಲು. ಅದಕ್ಕೆ ‘ಮರುತೊಟ್ಟಿಲು’ ಎಂದು ಹೆಸರು.

"ಹತ್ತಿಕಟ್ಟಿಗೆ ಪುಡಿ ಮಾಡಿ ಒತ್ತಿದ ಹಲಗೆ, ಸರ್. ಮೊಳೆ ಇಲ್ಲ, ಅಂಟು ಇಲ್ಲ, ಬಣ್ಣ ಇಲ್ಲ. ಮಗು ಬೆಳೆದ ಮೇಲೆ ನಮಗೆ ಮರಳಿಸ್ತಾರೆ. ನಾವು ತೊಳೆದು, ಸವೆದ ಭಾಗ ಬದಲಿಸಿ, ಇನ್ನೊಂದು ಮನೆಗೆ ಬಾಡಿಗೆಗೆ ಕೊಡ್ತೀವಿ. ನಾವು ತೊಟ್ಟಿಲು ಮಾರೋದಿಲ್ಲ ಸರ್. ತೂಗುವ ಸೇವೆ ಕೊಡ್ತೀವಿ."

"ಗೂಟ ಸಡ್ಲಾದ್ರ ನಮ್ಮೂರ ಬಡಿಗ್ಯಾ ಸರಿ ಮಾಡ್ತಾನೇನು?"

"ಇಲ್ಲ ಸರ್, ಅದನ್ನು ಹೊರಗಿನವರು ಬಿಚ್ಚೋಕಾಗಲ್ಲ. ಆ ಭಾಗ ನಮ್ಮಿಂದಲೇ ಬರಬೇಕು."

ಮನೆಯಿಂದ ಮನೆಗೆ ಹೋಗುವ ತೊಟ್ಟಿಲು ಎಂಬ ಹೊಸ ವಿಚಾರವನ್ನು ಅವಳು ನನಗೆ ಸಾವಧಾನವಾಗಿ, ಎರಡನೆಯ ಸಲವೂ, ಬಿಡಿಸಿ ಹೇಳಿದಳು. ನಾನು ಮುಪ್ಪಿನವನು, ತಡವಾಗಿ ತಿಳಿಯುತ್ತದೆ ಎಂದುಕೊಂಡಿರಬೇಕು.

"ಇದನ್ನ ಏನ ಮಾಡ್ತೀರಿ?" ಎಂದು ನಮ್ಮ ತೊಟ್ಟಿಲು ತೋರಿಸಿದೆ.

"ಅದ್ಭುತವಾದ ವಸ್ತು ಸರ್! ಐವತ್ತು ವರ್ಷ ಬಾಳಿಕೆ ಬಂದಿದೆ. ರೋಣದ ಕಾರ್ಯಕ್ರಮದಲ್ಲಿ ವೇದಿಕೆ ಮೇಲೆ ಇಡ್ತೀವಿ. ಆಮೇಲೆ ಪ್ರಯೋಗಾಲಯಕ್ಕೆ ಒಯ್ದು, ಅಡ್ಡ ಕೊಯ್ದು, ಕೀಲು ಹೇಗೆ ಮಾಡಿದ್ದಾರೆ ನೋಡ್ತೀವಿ."

"ಕೊಯ್ದ ಮ್ಯಾಲ?"

"ವ್ಯರ್ಥ ಆಗಲ್ಲ. ಪುಡಿ ಮಾಡಿ ಹೊಸ ಹಲಗೆಗೆ ಸೇರಿಸ್ತೀವಿ. ಇದು ಇನ್ನೂ ನೂರು ತೊಟ್ಟಿಲುಗಳಲ್ಲಿ ಬದುಕಿರುತ್ತೆ ಸರ್."

ಐವತ್ತು ವರ್ಷ ಹೇಗೆ ಬಾಳಿತು ಎಂದು ತಿಳಿಯಲು ಕೊಯ್ದು ನೋಡಬೇಕಂತೆ. ನನಗೂ ಎಪ್ಪತ್ತು ದಾಟಿದೆ. ಆ ಮೇಜಿನ ಮೇಲೆ ಇನ್ನೂ ಜಾಗವಿತ್ತು. ನಾನು ಗುರುಪಾದನ ಕಡೆ ತಿರುಗಿದೆ.

"ನಿಮ್ಮತ್ತಿ ಇದನ್ನ ಆಸಿಫಾಗ ಕೊಟ್ಟಾಳ. ನನ್ನ ಮುಂದ ಮಾತು ಕೊಟ್ಟಾಳ. ಎತ್ತು, ಗಾಡಿಗೆ ಹಾಕು."

"ಮಾಮಾ, ಸಿಟ್ಟಾಗಬ್ಯಾಡ್ರಿ. ಅತ್ತಿಗೆ ಮಕ್ಕಳಿಲ್ಲ. ತೌರಿಂದ ಹೋದ ವಸ್ತು ತೌರಿಗೆ ಬಂತು. ಹತ್ತ ಮಂದಿ ಹಿರೇರನ್ನ ಕೇಳ್ರಿ, ಇದರಾಗ ನಂದೇನ ತಪ್ಪ ಐತಿ ಅಂತ?"

ಹತ್ತು ಮಂದಿಯನ್ನು ಕೇಳಿದರೆ ಹತ್ತು ಮಂದಿಯೂ ಅವನ ಮಾತೇ ಸರಿ ಎನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನ ಹೆಂಡತಿ ಚಹಾ ತಂದಿಟ್ಟಳು. ಅವಳೂ ಬಸುರಿ, ಇನ್ನೂ ಬಗ್ಗಿ ಏಳಲು ತೊಂದರೆಯಿಲ್ಲದ ತಿಂಗಳು. ನನ್ನ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ಖಾಲಿ ತೊಟ್ಟಿಲನ್ನು ಒಮ್ಮೆ ನೋಡಿ, ಸೆರಗು ಹೊಟ್ಟೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು. ಗುರುಪಾದ ಅದನ್ನು ಗಮನಿಸಲಿಲ್ಲ. ಅವನು ನನಗೆ ಸಕ್ಕರೆ ಸಾಕೇ ಎಂದು ಕೇಳುತ್ತಿದ್ದ.

ಶಾಂಭವಿ ಕೆಟ್ಟ ಹುಡುಗಿಯಲ್ಲ. ಆಸಿಫಾಳ ವಿಷಯ ಕೇಳಿ ಮರುಗಿದಳು. ಎರಡು ದಿನ ಬಿಟ್ಟು ಒಂದು ಮರುತೊಟ್ಟಿಲನ್ನು ಜೀಪಿನಲ್ಲಿ ಹಾಕಿಕೊಂಡು ಮಕ್ತುಮಬಿಯ ಮನೆಗೆ ತಾನೇ ಬಂದಳು. ಬಾಡಿಗೆ ಬೇಡ, ಆಸಿಫಾ ಈ ತಾಲೂಕಿನ ಮೊದಲ ಫಲಾನುಭವಿ ಎಂದಳು. ಬಾಗಿಲ ಮರೆಯಲ್ಲಿ ಕುಳಿತಿದ್ದ ಆಸಿಫಾ ತಲೆ ಎತ್ತಲಿಲ್ಲ. ಮಕ್ತುಮಬಿ ತೊಟ್ಟಿಲನ್ನು ಸುತ್ತು ಬಂದು ಬೆರಳಿನಿಂದ ತಟ್ಟಿ ನೋಡಿದಳು.

"ಚಲೋ ಐತವಾ. ಹಗರಾ ಐತಿ. ಇದರಾಗ ಯಾರ್ಯಾರ ಮಲಗ್ಯಾರ?"

"ಅದೂ ಗೊತ್ತಾಗುತ್ತೆ ಅಮ್ಮ!" ಹುಡುಗಿಯ ಮುಖ ಅರಳಿತು. ತೊಟ್ಟಿಲ ತಲೆಯ ಕಡೆ ಕಪ್ಪು ಚುಕ್ಕೆಗಳ ಚೌಕವಿತ್ತು. ಫೋನನ್ನು ಅದಕ್ಕೆ ಹಿಡಿದಳು. "ನೋಡಿ, ಇದು ಐದು ಸುತ್ತು ಮುಗಿಸಿದೆ."

"ಸುತ್ತು ಅಂದ್ರ ಕೂಸೇನವಾ?"

"ಹೂಂ, ಐದು ಮನೆಗೆ ಹೋಗಿ ಬಂದಿದೆ."

"ಐದೂ ಅದಾವೇನು?"

"ಏನು?"

"ಕೂಸುಗೋಳವಾ. ಐದೂ ಚಂದಾಗಿ ಅದಾವೇನು? ಹೆಸರೇನು? ಯಾರ ಪೈಕಿ?"

ಶಾಂಭವಿ ಫೋನನ್ನು ನೋಡಿದಳು. ಅದರಲ್ಲಿ ಹಲಗೆ ಎಷ್ಟು ಸವೆದಿದೆ, ಎಷ್ಟು ನೀರಿನಲ್ಲಿ ತೊಳೆದಿದ್ದಾರೆ, ಎಷ್ಟು ಹೊಗೆ ಗಾಳಿಗೆ ಸೇರುವುದು ತಪ್ಪಿದೆ ಎಂದು ಎಲ್ಲವೂ ಇತ್ತಂತೆ. "ಅದು ಅವರವರ ಖಾಸಗಿ ಮಾಹಿತಿ ಅಮ್ಮ. ನಾವು ಇಟ್ಟುಕೊಳ್ಳೋದಿಲ್ಲ" ಎಂದಳು.

"ತೊಳದದ್ದ ಇಟಗೊಂಡೀರಿ, ಮಲಗಿದ್ದ ಇಟಗೊಂಡಿಲ್ಲ" ಎಂದು ಮಕ್ತುಮಬಿ ಅಂದಳು. "ಒಯ್ಯವಾ ನಮ್ಮವ್ವಾ. ಸಿಟ್ಟಿಲ್ಲ. ಚಾ ಕುಡದ ಹೋಗು."

ಒಳಗಿನಿಂದ ಆಸಿಫಾ ಮೊದಲ ಸಲ ಮಾತನಾಡಿದಳು. "ಅಜ್ಜಿ ತೊಟ್ಟಲಾ ಬರ್ತೈತೇನ್ರಿ, ಅಜ್ಜಾ? ಬರೂದಿಲ್ಲಂದ್ರ ಈಗ ಹೇಳಿಬಿಡ್ರಿ. ನಾ ಹಾದಿ ಕಾಯೂದಿಲ್ಲ."

ಬರುತ್ತದೆ ಎಂದು ಹೇಳಿದೆ. ಹೇಗೆ ಎಂದು ನನಗೂ ತಿಳಿದಿರಲಿಲ್ಲ.

ಕಾರ್ಯಕ್ರಮ ರೋಣದ ಕಲ್ಯಾಣ ಮಂಟಪದಲ್ಲಿ ನಡೆಯಿತು. ಕೈಮುಗಿದು ಕೇಳಿದರೆ ಆ ಹುಡುಗಿಯಾದರೂ ಕರಗಬಹುದು. ಇಲ್ಲವಾದರೆ ಕೊಯ್ಯುವವರೆಗಾದರೂ ಕಲ್ಲನ್ನು ಅದರಲ್ಲಿ ಇಡಿರಿ ಎಂದು ಬೇಡಿಕೊಳ್ಳೋಣ ಎಂದು, ಗುಂಡುಕಲ್ಲನ್ನು ಖಣದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದೆ. ಮಕ್ತುಮಬಿಯೂ ಬಂದಳು. "ಕೀಲಿಕೈ ನಾ ಕೊಟ್ಟೀನಿ, ತೊಟ್ಟಲಾ ನಾ ತರ್ತೀನಿ" ಎಂದು ಬುರ್ಖಾ ಹಾಕಿಕೊಂಡು ನನಗಿಂತ ಮುಂದೆ ನಡೆದಳು.

ಬಾಗಿಲಿನ ಮೇಲೆ ‘ಕಸ ಎಂಬುದೇ ಇಲ್ಲ’ ಎಂದು ದೊಡ್ಡದಾಗಿ ಬರೆದ ಪ್ಲಾಸ್ಟಿಕ್ ಬ್ಯಾನರ್ ಕಟ್ಟಿದ್ದರು. ಅದರ ಕೆಳಗೆ ಬಂದವರಿಗೆಲ್ಲ ಒಂದೊಂದು ಪುಟ್ಟ ನೀರಿನ ಬಾಟಲಿ ಕೊಡುತ್ತಿದ್ದರು. ಒಂದು ಗುಟುಕು ಕುಡಿದು ಬಿಸಾಕಿದ ಬಾಟಲಿಗಳು ಮಂಟಪದ ಹಿಂದೆ ಮೊಣಕಾಲೆತ್ತರ ಬಿದ್ದಿದ್ದವು. ಅವು ಕಸವಲ್ಲ, ಕಸ ಎಂಬುದೇ ಇಲ್ಲವಲ್ಲ. ಅತಿಥಿಗಳಿಗೆ ಹಾಕಿದ ಮಾಲೆಗಳು ಪ್ಲಾಸ್ಟಿಕ್ ಹೂವಿನವು. ಒಬ್ಬರ ಕೊರಳಿನಿಂದ ತೆಗೆದು ಮತ್ತೊಬ್ಬರಿಗೆ ಹಾಕುತ್ತಿದ್ದರು. ಅಷ್ಟರಮಟ್ಟಿಗೆ ಕಂಪನಿಯವರು ಆಡಿದಂತೆ ನಡೆದರು.

ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನು ಟೆಂಪೋಗಳಲ್ಲಿ ತುಂಬಿ ತಂದಿದ್ದರು. ಬೆಳವಣಕಿಯಿಂದಲೇ ಒಂದು ಟೆಂಪೋ ಬಂದಿತ್ತು. ಗುರುಪಾದನ ತಾಯಿ, ಹೆಂಡತಿ ಮುಂದಿನ ಸಾಲಿನಲ್ಲಿದ್ದರು. ವೇದಿಕೆಯ ಎಡಗಡೆ ಬೂದಿ ಬಣ್ಣದ ಮರುತೊಟ್ಟಿಲು. ಬಲಗಡೆ ಕಬ್ಬಿಣದ ಚೌಕಟ್ಟಿಗೆ ತೂಗುಹಾಕಿ, ಚೆಂಡುಹೂವು ಸುತ್ತಿದ ಮುದುಕವ್ವನ ತೊಟ್ಟಿಲು. ಚೀಟಿಗಳನ್ನು ಕಿತ್ತಿದ್ದರು, ಅಂಟು ಹಾಗೇ ಉಳಿದಿತ್ತು.

ಗುರುಪಾದ ಮೈಕು ಹಿಡಿದು ಭಾಳ ಹೊತ್ತು ಮಾತನಾಡಿದ. ನಮ್ಮ ಹಿರಿಯರಿಗೆ ಜ್ಞಾನವಿತ್ತು, ಆದರೆ ವ್ಯವಸ್ಥೆ ಇರಲಿಲ್ಲ ಎಂದ. ಜ್ಞಾನವಿದ್ದ ಹಿರಿಯರು ಸತ್ತ ಮೇಲೆ ಅವರನ್ನು ಹೊಗಳುವುದು ಸುಲಭ. ಎದ್ದು ಬಂದು ಉತ್ತರ ಕೊಡುವುದಿಲ್ಲ. ಕೊನೆಗೆ, "ಇವತ್ತ ನಾವು ದೀಪಾ ಹಚ್ಚಿ ಎಣ್ಣಿ ಸುಡೂದಿಲ್ಲ. ತೊಟ್ಟಲಾ ತೂಗಿ ಉದ್ಘಾಟನಾ ಮಾಡ್ತೀವಿ!" ಎಂದು ಘೋಷಿಸಿದ.

ಶಾಂಭವಿ ಎದ್ದು ಬಂದಳು. ನಗುತ್ತ ಮುದುಕವ್ವನ ತೊಟ್ಟಿಲಿನ ಹಗ್ಗ ಹಿಡಿದು ತೂಗಿದಳು.

ಖಾಲಿ ತೊಟ್ಟಿಲು.

ಮಂಟಪದಲ್ಲಿ ಚಪ್ಪಾಳೆ ಬರಲಿಲ್ಲ. ಇಷ್ಟು ಹೆಣ್ಣುಮಕ್ಕಳು ಒಟ್ಟಿಗೆ ಉಸಿರು ಒಳಗೆಳೆದರೆ ಹೇಗೆ ಕೇಳುತ್ತದೆ ಎಂದು ನನಗೆ ಅಂದು ತಿಳಿಯಿತು. "ಅಯ್ಯ ಶಿವನ, ಬರೇ ತೊಟ್ಟಲಾ ತೂಗ್ತಾಳ!" ಎಂದು ಒಬ್ಬಳು. "ಏ, ಬಿಡಸ್ರೇ ಯಾರರೆ!" ಎಂದು ಇನ್ನೊಬ್ಬಳು. ಚೊಚ್ಚಲ ಬಸುರಿ ಸೊಸೆಯನ್ನು ಕರೆತಂದಿದ್ದ ಅತ್ತೆಯೊಬ್ಬಳು ಅವಳ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದಳು. ಫೋಟೋದವನು, "ಇನ್ನೊಮ್ಮೆ ಮೇಡಂ, ಜೋರಾಗಿ ತೂಗ್ರಿ" ಎಂದ. ಅವಳು ಜೋರಾಗಿ ತೂಗಿದಳು.

ಗುರುಪಾದನ ಕೈಯಲ್ಲಿ ಮೈಕು ಹಾಗೇ ಉಳಿಯಿತು. ಅವನು ಮುಂದಿನ ಸಾಲಿನಲ್ಲಿ ಹೆಂಡತಿಯನ್ನು ನೋಡುತ್ತಿದ್ದ. ಆಕೆ ಎರಡೂ ಕೈಗಳಿಂದ ಹೊಟ್ಟೆ ಹಿಡಿದುಕೊಂಡು ಬಿಳುಚಿಹೋಗಿದ್ದಳು. ವ್ಯವಸ್ಥೆ ತಿಳಿದವನಿಗೆ ಆಗ ಹಿರಿಯರ ಜ್ಞಾನ ನೆನಪಾಗಿರಬೇಕು.

ಇದನ್ನೆಲ್ಲ ನಂಬದ ನನಗೂ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಏಳಲು ಹೋದೆ. ಅಷ್ಟರಲ್ಲಿ ಮಕ್ತುಮಬಿ ನನ್ನ ಮಡಿಲಿನ ಚೀಲಕ್ಕೆ ಕೈ ಹಾಕಿ ಕಲ್ಲನ್ನು ಎತ್ತಿಕೊಂಡಳು. ಖಣದ ಸಮೇತ ಎದೆಗವಚಿಕೊಂಡು ವೇದಿಕೆಯ ಮೆಟ್ಟಿಲು ಹತ್ತಿದಳು. ಯಾರೂ ತಡೆಯಲಿಲ್ಲ, ಕೂಸೆಂದೇ ತಿಳಿದರು. "ಬಿಸ್ಮಿಲ್ಲಾ" ಎಂದು ಕಲ್ಲನ್ನು ತೊಟ್ಟಿಲಿನಲ್ಲಿ ಇಟ್ಟಳು. ಚೌಕಟ್ಟು ಗದಗುಟ್ಟಿತು. ಶಾಂಭವಿ ಬೆಚ್ಚಿ ಹಗ್ಗ ಬಿಟ್ಟಳು.

"ಈಗ ತೂಗವಾ" ಎಂದಳು ಮಕ್ತುಮಬಿ. "ಹಗ್ಗಾ ಬಿಡಬ್ಯಾಡ. ಹಿಡಕೊಂಡಾಕಿ ನೀ, ತೂಗಾಕೀನೂ ನೀನ."

ಹುಡುಗಿ ಏನೂ ತಿಳಿಯದೆ ಹಗ್ಗ ಹಿಡಿದು ಕಲ್ಲನ್ನು ತೂಗತೊಡಗಿದಳು. ಆಮೇಲೆ ಹಿಂದಿನಿಂದ ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು. ಆ ನಗೆ ಸಾಲಿನಿಂದ ಸಾಲಿಗೆ ಹತ್ತಿಕೊಂಡಿತು.

"ಕೂಸಿಗೆ ಹೆಸರ ಇಡ್ರೇ!"

"ಸೋದರತ್ತಿ ಯಾರ?"

"ಮತ್ತ್ಯಾರ, ಫೋನಿನಾಕಿ! ಆಕೀನ ತೂಗಾಕತ್ಯಾಳ."

ಗುರುಪಾದನ ತಾಯಿ ಎಲ್ಲರಿಗಿಂತ ಮೊದಲು ಎದ್ದಳು. ಅವಳ ಹಿಂದೆ ಬೆಳವಣಕಿಯ ಟೆಂಪೋ ಪೂರ್ತಿ ವೇದಿಕೆ ಹತ್ತಿತು. ನಮ್ಮ ಕಡೆ ಸೋದರತ್ತೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಕೂಗಿ ಹೆಸರು ಹೇಳಬೇಕು, ಉಳಿದವರು ಅವಳ ಬೆನ್ನಿಗೆ ಗುದ್ದಬೇಕು. ಶಾಂಭವಿಯನ್ನು ಬಗ್ಗಿಸಿದರು. "ಕುರ್ರ್ ಅನ್ನವಾ!" ಎಂದರು. ಅವಳು "ಕುರ್ರ್" ಎಂದಳು. ದಬದಬ ಗುದ್ದು ಬಿದ್ದವು. ರೊಟ್ಟಿ ಬಡಿದ ಕೈಗಳು ಅವು.

"ಏನ ಹೆಸರು?"

"ಈಕಿ ಕೂಸಿಗೆ ಸುತ್ತು ಅಂತಾಳಲ್ಲ, ಸುತ್ತಪ್ಪ ಅನ್ರಿ" ಎಂದಳು ಮಕ್ತುಮಬಿ.

"ಸುತ್ತಪ್ಪಾ!" ಎಂದು ಮಂಟಪವೇ ಕೂಗಿತು.

ಆಮೇಲೆ ಗುರುಪಾದನ ತಾಯಿ ಮಗನ ಕೈಯಿಂದ ಮೈಕು ಕಸಿದುಕೊಂಡು, ಅದರಲ್ಲೇ ಊರಿಗೆಲ್ಲ ಕೇಳುವಂತೆ, "ಏ ಗುರುಪಾದ, ಹೆಸರಿಟ್ಟ ತೊಟ್ಟಲಾ ಇನ್ನ ಸಭಾದಾಗ ಇಡೂದಿಲ್ಲ. ತುಂಬಿದ ತೊಟ್ಟಲಾ ಹೊಂಟಾಗ ಅಡ್ಡ ನಿಂದ್ರಬ್ಯಾಡ. ನಿನ್ನ ಮನ್ಯಾಗೂ ಬಸುರಿ ಅದಾಳ, ನೆನಪಿರ್ಲಿ" ಎಂದಳು.

ಹತ್ತು ಮಂದಿ ಹಿರಿಯರಿಂದ ಆಗದ ತೀರ್ಮಾನ ಅದು. ಗುರುಪಾದ ಪಕ್ಕಕ್ಕೆ ಸರಿದು ನಿಂತ. ಬರೀ ಸರಿಯಲಿಲ್ಲ, ಕೊಂಡಿ ಬಿಚ್ಚಲು ತಾನೂ ಕೈ ಹಚ್ಚಿದ. ಮಕ್ತುಮಬಿ ಒಂದು ಕಡೆ, ಅವನ ತಾಯಿ ಇನ್ನೊಂದು ಕಡೆ ಹಿಡಿದು ತೊಟ್ಟಿಲನ್ನು ಕಲ್ಲಿನ ಸಮೇತ ಹೊತ್ತುಕೊಂಡು ನಡೆದರು. ಬಾಗಿಲಿಗೆ ಬಂದಾಗ ಬ್ಯಾನರ್ ತಲೆಗೆ ಅಡ್ಡ ಬಂತು. ಯಾರೋ ಅದನ್ನು ಎತ್ತಿ ಹಿಡಿದರು. ಆ ಬ್ಯಾನರ್ ಅಂದು ಮಾಡಿದ ಉಪಯುಕ್ತ ಕೆಲಸ ಅದೊಂದೇ.

ಓಣಿಯಲ್ಲಿ ಆಸಿಫಾ ಹೊಸ್ತಿಲ ಮೇಲೆ ನಿಂತಿದ್ದಳು. ತೊಟ್ಟಿಲು ಒಳಗೆ ಹೋಗುವಾಗ ಅವಳು ನೋಡಿದ್ದು ತೊಟ್ಟಿಲನ್ನಲ್ಲ. ಒಳಗೆ ಕಲ್ಲು ಇದೆಯೇ ಎಂದು ಬಗ್ಗಿ ನೋಡಿದಳು. ಹಸಿರು ಖಣವನ್ನು ಕೂಸಿನ ಕೊರಳಿಗೆ ಮಾಡುವಂತೆ ಸರಿಮಾಡಿದಳು. "ಅಜ್ಜಾ, ನಾ ಸ್ವಲ್ಪ ಮಲಗ್ತೀನಿ" ಎಂದು ಒಳಗೆ ಹೋದಳು. ಸಂಜೆಯವರೆಗೆ ಏಳಲಿಲ್ಲ ಎಂದು ಮಕ್ತುಮಬಿ ಆಮೇಲೆ ಹೇಳಿದಳು.

ಕಂಪನಿಯವರು ಆ ದಿನದ ಚಿತ್ರಗಳನ್ನು ಫೋನಿನಲ್ಲಿ ಎಲ್ಲರಿಗೂ ಕಳಿಸಿದರು. ಶಾಂಭವಿ ಬಗ್ಗಿ ಗುದ್ದು ತಿನ್ನುತ್ತಿರುವ ಚಿತ್ರದ ಕೆಳಗೆ ‘ಮರುತೊಟ್ಟಿಲಿಗೆ ಗ್ರಾಮೀಣ ಮಹಿಳೆಯರ ಉತ್ಸಾಹದ ಸ್ವಾಗತ’ ಎಂದಿತ್ತು. ಆದರೆ ಒಬ್ಬ ಹೆಂಗಸೂ ಮರುತೊಟ್ಟಿಲು ಒಯ್ಯಲಿಲ್ಲ. ಕಂಪನಿಯವರು ಈಗ ಬೇರೆ ಜಿಲ್ಲೆಯಲ್ಲಿ ಹೊರಸಿನ ವಿನ್ಯಾಸ ಮಾಡುತ್ತಿದ್ದಾರಂತೆ. ಅಲ್ಲಿಯವರು ನೆಲದ ಮೇಲೆ ಮಲಗುತ್ತಾರೆಂದು ತಿಳಿದಿರಬೇಕು.

ಮುಂದಿನ ಅಮಾವಾಸ್ಯೆ ಕಳೆದು ಕೆಲವು ದಿನಗಳಾಗಿದ್ದವು. ನಾನು ಪೂಜೆ ಮುಗಿಸಿ ವಿಭೂತಿ ಗಟ್ಟಿಯನ್ನು ಗೂಡಿನಲ್ಲಿ ಇಡುತ್ತಿದ್ದೆ. ಹೊರಗೆ ಮೋಟಾರ್ ಸೈಕಲ್ ನಿಂತ ಸದ್ದಾಯಿತು. ಗುರುಪಾದ. ಒಳಗೆ ಬಂದು ಕುಳಿತ. ಮಳೆಯ ಮಾತಾಡಿದ, ಹೆಸರುಕಾಳಿನ ಬೆಳೆಯ ಮಾತಾಡಿದ. ಕೊನೆಗೆ ಬಾಯಿ ಬಿಟ್ಟ.

"ಮಾಮಾ, ಆಸಿಫಾಂದ ಮುಗದ ಮ್ಯಾಲ ಆ ತೊಟ್ಟಲಾ ನಮ್ಮ ಮನಿಗೆ ಬೇಕಾಗಿತ್ತು."

"ಯಾಕೋ? ನಿನ್ನ ಕೊಟ್ಟಿಗ್ಯಾಗ ಸಾಲ ಹಚ್ಚಿ ಅದಾವಲ್ಲ?"

"ಅದರಾಗ ಕೋಳಿ ಕುಂತಾವ್ರಿ."

"ಹಂಗಾರ ಖಾಲಿ ಇಲ್ಲ. ಚಲೋ ಆತು ಬಿಡು. ತತ್ತಿ ಐದು ಸುತ್ತು ಬಂದಾವೇನು?"

ಅವನು ತಲೆ ತಗ್ಗಿಸಿ ನಕ್ಕ. ಮೈಕು ಇಲ್ಲದಾಗ ಅವನ ನಗು ಮುದುಕವ್ವನ ನಗುವಿನಂತೆಯೇ ಇದೆ ಎಂಬುದನ್ನು ನಾನು ಅಂದು ನೋಡಬಾರದಾಗಿತ್ತು. ಇನ್ನೂ ಎರಡು ಮಾತು ಅನ್ನಬೇಕೆಂದಿದ್ದೆ.

ಅಷ್ಟರಲ್ಲಿ ಮಕ್ತುಮಬಿ ಬಂದಳು. ಕೈಯಲ್ಲಿ ತಾಟು. ತಾಟಿನಲ್ಲಿ ಸಕ್ಕರೆ, ಸಕ್ಕರೆಯ ಮೇಲೆ ಹಸಿರು ಖಣದಲ್ಲಿ ಸುತ್ತಿದ ಗುಂಡುಕಲ್ಲು. ನಾನು ಕಲ್ಲನ್ನು ಎರಡೂ ಕೈಗಳಿಂದ ತೆಗೆದುಕೊಂಡೆ. ತಿರುಗಿ ಬಂದ ಕಲ್ಲನ್ನು ನಾನು ಎಂದೂ ತೆಗೆದುಕೊಂಡಿರಲಿಲ್ಲ. ಅದು ಮುದುಕವ್ವನ ಕೆಲಸವಾಗಿತ್ತು. ಪಡಸಾಲೆಯ ಮೂಲೆಯಲ್ಲಿ ಅವಳು ಇಡುತ್ತಿದ್ದ ಜಾಗದಲ್ಲೇ ಇಟ್ಟು ಬಂದು ಕುಳಿತೆ.

ಗುರುಪಾದ ಸಕ್ಕರೆ ಬಾಯಿಗೆ ಹಾಕಿಕೊಂಡ. ಆಮೇಲೆ, "ಅವ್ವ ಒಂದ ಮಾತ ಕೇಳಿಕೊಂಡ ಬಾ ಅಂದಾಳ್ರಿ. ಅಕೀ ಅಲ್ಲ, ನನ್ನ ಹೇಣ್ತೀನ ಕೇಳ್ಯಾಳ. ಅದರಾಗ ಯಾರ್ಯಾರ ಮಲಗ್ಯಾರ?" ಎಂದ.

ನಾನು ತಡಮಾಡಿದೆ. ನೆನಪಿಲ್ಲವೆಂದಲ್ಲ. ಆ ಹೆಸರುಗಳನ್ನು ನಾನು ಯಾವಾಗಲೂ ಈ ಮನೆಯಲ್ಲಿ ಮುದುಕವ್ವನ ದನಿಯಲ್ಲೇ ಕೇಳಿದ್ದೆ. ಮಕ್ತುಮಬಿ ಬಾಗಿಲಿನಲ್ಲಿ ನಿಂತು ಕಾಯುತ್ತಿದ್ದಳು, ತಪ್ಪಿದರೆ ತಿದ್ದುವವಳಂತೆ.

"ಮೊದಲನೇದಂವ ಯೂಸುಫ, ಮದರಬಿ ಕಡೀ ಮಗ. ಗಜೇಂದ್ರಗಡದಾಗ ಸೀರಿ ನೇಯ್ತಾನ. ಅಂವನ ಹಿಂದ ಅಸೂಟಿ ಮಾಳಪ್ಪನ ಇಬ್ಬರು ಹೆಣ್ಣುಮಕ್ಕಳು. ದೊಡ್ಡಾಕಿ ದವಾಖಾನ್ಯಾಗ ನರ್ಸ್ ಅದಾಳ, ಸಣ್ಣಾಕಿಗೆ ಮೊಮ್ಮಗ ಹುಟ್ಯಾನ."

ಹೇಳುತ್ತ ಹೋದೆ. ಗುರುಪಾದ ಬೆರಳು ಮಡಿಸುತ್ತ ಕೇಳುತ್ತಿದ್ದ. ನಡುವೆ ತೌಸೀಫನ ಹೆಸರು ಬಿಟ್ಟೆನೆಂದು ಮಕ್ತುಮಬಿ ಎಚ್ಚರಿಸಿದಳು, ಅವನನ್ನೂ ಸೇರಿಸಿದೆ. ಆಸಿಫಾಳ ಹೆಸರು ಬಂತು. ಅವಳ ನಂತರದವರು ಬಂದರು. ಕೊನೆಗೆ ನಾನು ಮಕ್ತುಮಬಿಯ ಮುಖ ನೋಡಿದೆ.

"ಶಬಾನಾ" ಎಂದಳು ಅವಳು. "ಆಸಿಫಾನ ಮಗಳು. ಈಗ ಮಲಗ್ಯಾಳ."